ಬಿಡದಿಯಲ್ಲಿ ತಿರುಗುವ ಚಕ್ರ ಕನ್ನಂಬಾಡಿಯಲ್ಲೂ ತಿರುಗೀತೇ?

ನನ್ನ ಅಕ್ಕನ ಮಗಳು ಮಂಡ್ಯದಲ್ಲಿ ಎಂಟನೇ ಕ್ಲಾಸು. ಡಿಸೆಂಬರ್ ಹತ್ತಿರ ಬರುತ್ತಿದ್ದ ಹಾಗೆ ಶಾಲೆಯಲ್ಲಿ ಟ್ರಿಪ್ಪಿನ ಮಾತು ಶುರುವಾಯಿತು. ಮೇಷ್ಟ್ರು ಎರಡು ದಾರಿ ಹೇಳಿದರಂತೆ. ಒಂದು ಹಳೆಯದು: ಶ್ರೀರಂಗಪಟ್ಟಣ, ಜೂ, ಅರಮನೆ, ಚಾಮುಂಡಿ ಬೆಟ್ಟ, ಸಂಜೆಗೆ ಕೆಆರ್‌ಎಸ್ ಲೈಟು. ಇನ್ನೊಂದು ಬಿಡದಿಯ ರೈಡುಗಳ ಪಾರ್ಕು, ವಂಡರ್‌ಲಾ. ಕೈ ಎತ್ತಿ ಅಂದಾಗ ಮೊದಲನೆಯದಕ್ಕೆ ಎದ್ದಿದ್ದು ಮೂರೇ ಕೈ. ಅದರಲ್ಲಿ ಒಂದು ಕೈ ಪಕ್ಕದವಳು ಎಳೆದ ಕೂಡಲೇ ಕೆಳಗಿಳಿಯಿತು.

"ಕೆಆರ್‌ಎಸ್‌ನಲ್ಲಿ ಏನಿದೆ ಮಾಮ? ನೀರು, ಲೈಟು. ಅಷ್ಟೇ ಅಲ್ವಾ?" ಅಂದಳು.

ಸರ್ಕಾರವೂ ಹೆಚ್ಚು ಕಡಿಮೆ ಇದೇ ಮಾತು ಹೇಳುತ್ತಿದೆ. ಬರೀ ನೀರು, ಲೈಟು ಸಾಲದು, ಕೆಆರ್‌ಎಸ್ ಬೃಂದಾವನವನ್ನು 'ಡಿಸ್ನಿಲ್ಯಾಂಡ್ ಮಾದರಿ'ಯಲ್ಲಿ ಕಟ್ಟಬೇಕು ಅನ್ನುವುದು 2018ರಿಂದಲೂ ಕೇಳಿಬರುತ್ತಿರುವ ಮಾತು. ಆಗ ಮೈತ್ರಿ ಸರ್ಕಾರದಲ್ಲಿ ಜಲಸಂಪನ್ಮೂಲ ಸಚಿವರಾಗಿದ್ದ ಡಿ.ಕೆ. ಶಿವಕುಮಾರ್ 125 ಅಡಿಯ ಕಾವೇರಿ ತಾಯಿಯ ಪ್ರತಿಮೆ, ಜೊತೆಗೆ ಪಾರ್ಕು ಅಂತ ಯೋಜನೆ ಮುಂದಿಟ್ಟರು. 2019ರಲ್ಲಿ ಸರ್ಕಾರ ಬಿತ್ತು, ಫೈಲು ಮಲಗಿತು. 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಮತ್ತೆ ಎದ್ದಿತು. 2024ರಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತು. ಮೊತ್ತ 2,660 ಕೋಟಿಗೂ ಜಾಸ್ತಿ. ದುಡ್ಡು ಹಾಕಿ ಕಟ್ಟಬೇಕಾದವರು ಖಾಸಗಿಯವರು, ಸರ್ಕಾರ ಪಾಲುದಾರ. ಅಣೆಕಟ್ಟೆಗೆ ಅಪಾಯ ಅಂತ ಮಂಡ್ಯದ ರೈತ ಸಂಘಟನೆಗಳು 2025ರಲ್ಲಿ ಬೀದಿಗಿಳಿದವು. ಗಂಗಾ ಆರತಿಯ ಥರ ಅಲ್ಲೇ ಮಾಡಲು ಹೊರಟ ಕಾವೇರಿ ಆರತಿಯ ಜೊತೆಗೆ ಇದೂ ಸೇರಿಕೊಂಡು ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿತು.

ಈ ಜಗಳದಲ್ಲಿ ಅಣೆಕಟ್ಟೆ ಉಳಿಯುತ್ತಾ ಅನ್ನುವ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಿದ್ದಾರೆ. ಪಾರ್ಕ್ ಉಳಿಯುತ್ತಾ ಅಂತ ಕೇಳುವವರು ಕಡಿಮೆ. ಈ ಎರಡನೇ ಪ್ರಶ್ನೆಗೆ ಉತ್ತರ ಹುಡುಕಲು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಿಲ್ಲ. ಅದೇ ಮೈಸೂರು ರಸ್ತೆಯಲ್ಲಿ, ಬೆಂಗಳೂರಿಂದ 28 ಕಿಲೋಮೀಟರ್ ದೂರದಲ್ಲಿ, ಇಪ್ಪತ್ತು ವರ್ಷ ದಾಟಿದ ಪಾರ್ಕ್ ಒಂದು ಇದೆ.

ವಂಡರ್‌ಲಾದ ಕತೆ ಶುರುವಾಗುವುದು ಸ್ಟೆಬಿಲೈಸರ್‌ನಿಂದ. ಹಳೇ ಟೀವಿ, ಫ್ರಿಜ್ ಪಕ್ಕದಲ್ಲಿ ಕೂತು ಟಕ್ ಅನ್ನುತ್ತಿತ್ತಲ್ಲ, ಅದೇ ಡಬ್ಬಿ. ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅನ್ನುವವರು 1977ರಲ್ಲಿ ಕೊಚ್ಚಿಯಲ್ಲಿ ವಿ-ಗಾರ್ಡ್ ಕಂಪನಿ ತೆಗೆದರು. ಆ ದುಡ್ಡಿನಲ್ಲಿ 2000ದಲ್ಲಿ ಕೊಚ್ಚಿ ಹೊರಗೆ ಗುಡ್ಡದ ಮೇಲೆ ವೀಗಾಲ್ಯಾಂಡ್ ಕಟ್ಟಿದರು. ವಿ-ಗಾರ್ಡ್‌ನವರ ಲ್ಯಾಂಡು, ಹೆಸರು ಅಷ್ಟೇ ಸರಳ. ಅದು ಓಡಿತು. ಮಗ ಅರುಣ್ ಉಸ್ತುವಾರಿಯಲ್ಲಿ 2005ರಲ್ಲಿ ಬಿಡದಿ ಹತ್ತಿರ ಎರಡನೆಯದು ತೆರೆಯಿತು, ವಂಡರ್‌ಲಾ ಅನ್ನುವ ಹೆಸರಿನಲ್ಲಿ. ಆಮೇಲೆ ಕೊಚ್ಚಿಯ ಪಾರ್ಕ್ ಕೂಡ ಇದೇ ಹೆಸರಿಗೆ ಬದಲಾಯಿತು. ಬಿಡದಿಯ ಜಾಗ 80 ಎಕರೆಗಿಂತ ಸ್ವಲ್ಪ ಜಾಸ್ತಿ. ಆಗ ಆ ಕಡೆ ಜನ ಹೋಗುತ್ತಿದ್ದದ್ದು ಟೊಯೊಟಾ ಕಾರ್ಖಾನೆಗೆ, ಇಲ್ಲವೇ ತಟ್ಟೆ ಇಡ್ಲಿಗೆ.

ಈ ಕಂಪನಿಯ ನಿಧಾನ ನೋಡಿ. 2000ದಲ್ಲಿ ಒಂದು, 2005ರಲ್ಲಿ ಇನ್ನೊಂದು. 2014ರಲ್ಲಿ 125 ರೂಪಾಯಿಗೆ ಒಂದರಂತೆ ಷೇರು ಮಾರಿ ದುಡ್ಡು ಎತ್ತಿ 2016ರಲ್ಲಿ ಹೈದರಾಬಾದ್. ನಾಲ್ಕನೆಯದಕ್ಕೆ 2024ರ ತನಕ ಕಾದರು, ಅದು ಭುವನೇಶ್ವರದಲ್ಲಿ. 2025ರ ಡಿಸೆಂಬರ್‌ನಲ್ಲಿ ಚೆನ್ನೈ. ಕಾಲು ಶತಮಾನಕ್ಕೆ ಐದು ಪಾರ್ಕು. ಲಾಭ ಮಾಡುತ್ತಿರುವ ಕಂಪನಿಯೇ ಇಷ್ಟು ಹೆಜ್ಜೆ ಎಣಿಸಿ ನಡೆಯುತ್ತಿದೆ ಅಂದರೆ ಈ ವ್ಯಾಪಾರದ ಹೊಟ್ಟೆಯಲ್ಲಿ ಏನೋ ಇದೆ ಅಂತಲೇ ಅಲ್ವಾ?

ಅದೇನು ಅಂತ ತಿಳಿಯಬೇಕಾದರೆ ಒಂದು ದಿನ ಒಳಗೆ ಕಳೆಯಬೇಕು. ಅಕ್ಕನ ಮಗಳಿಗೆ ಶಾಲೆಯ ಟ್ರಿಪ್ ಸಾಲಲಿಲ್ಲ. ಬೇಸಿಗೆ ರಜದಲ್ಲಿ ಅವಳನ್ನೂ ಅವಳ ತಮ್ಮನನ್ನೂ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಇಲ್ಲಿ ಟಿಕೆಟ್ ವಯಸ್ಸು ನೋಡಿ ಕೊಡುವುದಿಲ್ಲ. ಎತ್ತರ ನೋಡಿ ಕೊಡುತ್ತಾರೆ. 85 ಸೆಂಟಿಮೀಟರ್ ಒಳಗಿದ್ದರೆ ಬಿಟ್ಟಿ, 140ರ ತನಕ ಮಕ್ಕಳ ಟಿಕೆಟು, ಅದರ ಮೇಲೆ ಪೂರ್ತಿ ದುಡ್ಡು. ಅಳತೆಗೆ ನಿಂತಾಗ ನಡೆಯುವ ನಾಟಕ ನೋಡಬೇಕು. ಅಪ್ಪ ಮಗನ ಭುಜ ಒತ್ತಿ "ಸ್ವಲ್ಪ ಬಗ್ಗೋ" ಅಂತಾನೆ. ಮಗ ಹಿಮ್ಮಡಿ ಎತ್ತಿ ನಿಲ್ಲುತ್ತಾನೆ, ಗಿಡ್ಡ ಅಂದರೆ ದೊಡ್ಡ ರೈಡಿಗೆ ಬಿಡುವುದಿಲ್ಲವಲ್ಲ. ಟಿಕೆಟ್ಟೂ ರೈಡೂ ಒಂದೇ ಕೋಲಿನ ಎರಡು ತುದಿ.

ನೀರಿನ ಕಡೆ ಹೋದರೆ ಇನ್ನೊಂದು ನಿಯಮ. ಹತ್ತಿ ಬಟ್ಟೆ ಹಾಕಿಕೊಂಡು ಇಳಿಯುವಂತಿಲ್ಲ. ನೈಲಾನ್ ಥರದ್ದೇ ಬೇಕು, ಇಲ್ಲದಿದ್ದರೆ ಅಲ್ಲೇ ಅಂಗಡಿ ಇದೆ. ಬಟ್ಟೆ ಮಾರಲು ಮಾಡಿದ ಉಪಾಯ ಅಂತ ಬೈಯುವವರು ತುಂಬ ಜನ, ನಾನೂ ಬೈದಿದ್ದೇನೆ. ಆದರೆ ಕಾರಣ ಇದೆ. ಹತ್ತಿ ನೆನೆದರೆ ನೂಲು ಬಿಡುತ್ತದೆ. ಸಾವಿರಾರು ಜನರ ನೂಲು ಫಿಲ್ಟರ್‌ನಲ್ಲಿ ಕೂತರೆ ನೀರು ಹರಿಯುವುದಿಲ್ಲ. ಪೂಲಿನ ನೀರು ದಿನವೂ ಚೆಲ್ಲಿ ಹೊಸದು ತುಂಬುವಂಥದ್ದಲ್ಲ. ಪಂಪು ಎಳೆಯುತ್ತದೆ, ಮರಳಿನ ಫಿಲ್ಟರ್ ಸೋಸುತ್ತದೆ, ಕ್ಲೋರಿನ್ ಸೇರುತ್ತದೆ, ಮತ್ತೆ ಪೂಲಿಗೇ ಬರುತ್ತದೆ. ಆವಿಯಾಗಿದ್ದು, ಮೈಮೇಲೆ ಹೋಗಿದ್ದು, ಫಿಲ್ಟರ್ ತೊಳೆದಿದ್ದು ಮಾತ್ರ ಹೊಸದಾಗಿ ತುಂಬಬೇಕು. ಇಡೀ ಪಾರ್ಕಿನ ಹೃದಯ ನೆಲದ ಕೆಳಗಿನ ಆ ಪಂಪ್ ಹೌಸು. ಯಾರೂ ಅದರ ಮುಂದೆ ಸೆಲ್ಫಿ ತೆಗೆಯುವುದಿಲ್ಲ.

ವೇವ್ ಪೂಲಿನಲ್ಲಿ ಅಲೆ ಎಬ್ಬಿಸುವುದು ಗಾಳಿ. ಗೋಡೆಯ ಹಿಂದೆ ಕೋಣೆಗಳಿರುತ್ತವೆ. ಬ್ಲೋವರ್‌ನಿಂದ ಗಾಳಿ ನುಗ್ಗಿಸಿ ನೀರನ್ನು ಒತ್ತುತ್ತಾರೆ, ಬಿಡುತ್ತಾರೆ, ಒತ್ತುತ್ತಾರೆ. ಅಷ್ಟೇ. ಆದರೆ ಸೈರನ್ ಆದ ಕೂಡಲೇ ಐನೂರು ಜನ 'ಹೋ' ಅಂತ ಕೂಗುವಾಗ ಇದೆಲ್ಲ ನೆನಪಿಗೆ ಬರುವುದಿಲ್ಲ. ಹಿಂದೆಂದೂ ಸೀರೆ ಬಿಟ್ಟು ಬೇರೇನೂ ಉಟ್ಟಿರದ ಅಜ್ಜಿಯರು ಬಾಡಿಗೆಯ ನೈಲಾನ್ ಪ್ಯಾಂಟಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ಕೂತು ನಗುತ್ತಿದ್ದರು. ನನ್ನ ಕಣ್ಣಿಗೆ ಇಡೀ ಪಾರ್ಕಿನಲ್ಲಿ ಚೆಂದದ ದೃಶ್ಯ ಅದೇ. ಹೆಂಗಸರು ಯಾರ ಕಣ್ಣಿಗೂ ಅಂಜದೆ ನೀರಾಡುವ ಜಾಗ ನಮ್ಮಲ್ಲಿ ಎಷ್ಟಿವೆ?

ಒಣ ರೈಡುಗಳಲ್ಲಿ ದೊಡ್ಡ ಹೆಸರು ರಿಕಾಯಿಲ್. ಕೂತ ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡು ಮೇಲೆ ಹತ್ತಿಸುತ್ತಾರೆ. ಮುಖ ನೆಲದ ಕಡೆ. ಒಂದು ಕ್ಷಣ ನಿಂತು ಬಿಡುತ್ತಾರೆ. ತಲೆಕೆಳಗಾಗಿ ಸುತ್ತಿ, ಆ ತುದಿಗೆ ಹೋಗಿ, ಮುಗಿಯಿತು ಅಂದುಕೊಳ್ಳುವಾಗ ಅದೇ ದಾರಿಯಲ್ಲಿ ಹಿಮ್ಮುಖವಾಗಿ ವಾಪಸ್ಸು. ಮೋಟಾರಿನ ಕೆಲಸ ಮೇಲೆ ಎತ್ತುವುದು ಮಾತ್ರ, ಮಿಕ್ಕಿದ್ದೆಲ್ಲ ನಮ್ಮದೇ ಭಾರ. ಸ್ಕೈ ವೀಲ್ ಅಂತ ಇನ್ನೊಂದಿದೆ. ನೆಲದ ಮೇಲಲ್ಲ, ಎತ್ತರದ ಕಟ್ಟಡದ ನೆತ್ತಿಯ ಮೇಲೆ ಕೂರಿಸಿದ ಚಕ್ರ. ಮೇಲಿಂದ ನೋಡಿದರೆ ಬಂಡೆ, ತೆಂಗಿನ ತೋಟ, ನಡುನಡುವೆ ಹೊಸ ಲೇಔಟಿನ ಕೆಂಪು ಮಣ್ಣು. ಇಂಥ ರೈಡುಗಳು ನೀರಿನವೂ ಸೇರಿ 60ಕ್ಕೂ ಮೇಲೆ.

ಅಷ್ಟು ಯಾಕೆ ಬೇಕು? ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಗಾಡಿಯಲ್ಲಿ 28 ಸೀಟು ಅಂತಿಟ್ಟುಕೊಳ್ಳಿ. ಹತ್ತಿಸಿ, ಬೆಲ್ಟ್ ಹಾಕಿ, ಓಡಿಸಿ, ಇಳಿಸುವುದಕ್ಕೆ ನಾಲ್ಕು ನಿಮಿಷ. ಗಂಟೆಗೆ 420 ಜನ. ರಜದ ದಿನ ಆರೇಳು ಸಾವಿರ ಜನ ಬಂದರೆ ಎಲ್ಲರನ್ನೂ ಒಂದು ಸಲ ಕೂರಿಸಲು 15 ಗಂಟೆ ಬೇಕು. ಪಾರ್ಕ್ ತೆರೆದಿರುವುದು ಅದರ ಅರ್ಧದಷ್ಟು ಹೊತ್ತು. ಹಾಗಾಗಿ ಪಾರ್ಕ್ ಮಾರುವುದು ಥ್ರಿಲ್ ಅಂತ ನಾವು ಅಂದುಕೊಂಡಿದ್ದೇವೆ, ಒಳಗಿನವರ ಕಸುಬು ನಿಜಕ್ಕೂ ಕ್ಯೂ ಹಂಚುವುದು. ಇಲ್ಲಿ ಹತ್ತು ನಿಮಿಷದ ಕ್ಯೂ, ಅಲ್ಲಿ ಇಪ್ಪತ್ತು, ಮಧ್ಯೆ ಬಿಸಿನೀರಿನ ರೇನ್ ಡ್ಯಾನ್ಸು, ಹಸಿವಾದರೆ ಊಟ. ಜಾಸ್ತಿ ದುಡ್ಡು ಕೊಟ್ಟರೆ ಫಾಸ್ಟ್‌ಟ್ರ್ಯಾಕ್. ಅಂದರೆ ಕ್ಯೂ ತಪ್ಪಿಸುವುದನ್ನೇ ಮಾರುತ್ತಾರೆ! ತಿರುಪತಿಯ ಬುದ್ಧಿ.

ಇನ್ನು ದುಡ್ಡಿನ ವಿಚಾರ. ನಾಲ್ಕು ಜನರ ಮನೆಗೆ ಟಿಕೆಟ್ಟಿಗೇ ಐದಾರು ಸಾವಿರ ಬೇಕು. ಅದರಲ್ಲಿ ತೆರಿಗೆಯ ಪಾಲು ಸಣ್ಣದಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಈ ಪಾರ್ಕುಗಳನ್ನು 28 ಶೇಕಡಾದ ಸಾಲಿಗೆ ಹಾಕಿದ್ದರು. 2018ರ ಜನವರಿಯಲ್ಲಿ 18ಕ್ಕೆ ಇಳಿಸಿದರು. ತೆರಿಗೆ ಎಷ್ಟು ಮುಖ್ಯ ಅನ್ನುವುದಕ್ಕೆ ಚೆನ್ನೈ ಸಾಕ್ಷಿ. ಜಾಗ ಕೊಂಡು ವರ್ಷಗಟ್ಟಲೆ ಅಲ್ಲಿ ಕೆಲಸ ನಿಂತಿತ್ತು. ಸ್ಥಳೀಯ ಸಂಸ್ಥೆ ತೆರಿಗೆಯನ್ನು ಹತ್ತು ವರ್ಷ ಬಿಡುತ್ತೇವೆ ಅಂತ ತಮಿಳುನಾಡು ಸರ್ಕಾರ ಹೇಳಿದ ಮೇಲೆಯೇ ಕೆಲಸ ಮುಂದೆ ಸಾಗಿತು.

ಬರುವವರೂ ವರ್ಷವಿಡೀ ಬರುವುದಿಲ್ಲ. ಏಪ್ರಿಲ್, ಮೇ, ದಸರಾ ರಜ, ಡಿಸೆಂಬರ್ ಟ್ರಿಪ್ಪು. ಮಿಕ್ಕ ದಿನ, ಅದರಲ್ಲೂ ಮಳೆಗಾಲದ ಮಂಗಳವಾರ, ರೈಡ್ ನಡೆಸುವವನು ಕ್ಯೂ ನೋಡುವ ಬದಲು ಮೊಬೈಲ್ ನೋಡುತ್ತಾನೆ. ಆದರೂ ಪಂಪು ಓಡಬೇಕು, ಸಂಬಳ ಕೊಡಬೇಕು, ಬೋಲ್ಟ್ ಬಿಗಿ ಇದೆಯಾ ಅಂತ ಬೆಳಿಗ್ಗೆ ನೋಡಲೇಬೇಕು. ಒಂದೆರಡು ವರ್ಷಕ್ಕೆ ಹೊಸ ರೈಡ್ ಬರದಿದ್ದರೆ "ಹೋಗಿದ್ವಲ್ಲ" ಅನ್ನುತ್ತಾರೆ ಜನ. ಕೆಆರ್‌ಎಸ್ ಬಗ್ಗೆ ಅಕ್ಕನ ಮಗಳು ಹೇಳಿದ್ದೂ ಹೆಚ್ಚು ಕಡಿಮೆ ಇದೇ. ಜೊತೆಗೆ 2020ರಂಥ ವರ್ಷ ಬಂದರೆ ಮಾರ್ಚ್‌ನಿಂದ ನವೆಂಬರ್ ತನಕ ಗೇಟಿಗೆ ಬೀಗ. ಸಾಲದ ಹೊರೆ ಜಾಸ್ತಿ ಇರಲಿಲ್ಲ ಅನ್ನುವ ಕಾರಣಕ್ಕೇ ವಂಡರ್‌ಲಾ ಅದನ್ನು ದಾಟಿತು ಅಂತ ನನ್ನ ಅಂದಾಜು.

ದಾಟದವರ ಪಟ್ಟಿ ಉದ್ದ ಇದೆ. ದೆಹಲಿಯ ಅಪ್ಪು ಘರ್ ನೆನಪಿದೆಯಾ? 1982ರ ಏಷ್ಯನ್ ಗೇಮ್ಸ್‌ನ ಆನೆಮರಿಯ ಹೆಸರು. 1984ರ ನವೆಂಬರ್‌ನಲ್ಲಿ ತೆರೆಯಿತು, ದೇಶದ ಮೊದಲ ದೊಡ್ಡ ಪಾರ್ಕ್ ಅಂತ ಹೆಸರು ಮಾಡಿತು. 2008ರಲ್ಲಿ ಮುಚ್ಚಿತು. ಜನ ಬರದೆ ಅಲ್ಲ, ಊರ ನಡುವಿನ ಆ ಜಾಗ ಸರ್ಕಾರಕ್ಕೆ ಬೇರೆ ಕೆಲಸಕ್ಕೆ ಬೇಕಾಯಿತು. ಮುಂಬೈನ ಎಸ್ಸೆಲ್‌ವರ್ಲ್ಡ್ 1989ರದು. ಅದರ ಟೀವಿ ಜಾಹೀರಾತು ನೋಡಿ ನಾವೆಲ್ಲ ಬೆಳೆದೆವು. ಕೊರೋನಾ ಆದ ಮೇಲೆ ಅದೂ ನಿಂತಿತು. ಬಿಡದಿಯಲ್ಲೇ ಇನ್ನೋವೇಟಿವ್ ಫಿಲ್ಮ್ ಸಿಟಿ ಇತ್ತು. ಅದು ಮುಚ್ಚಿ, ಅದೇ ಜಾಗದಲ್ಲಿ ಜಾಲಿವುಡ್ ಬಂತು. 2025ರ ಅಕ್ಟೋಬರ್‌ನಲ್ಲಿ ಕೊಳಚೆ ನೀರು ಸಂಸ್ಕರಣೆ, ಪರವಾನಗಿ ವಿಚಾರಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ ಬೀಗ ಹಾಕಿಸಿದಾಗ ಬಿಗ್ ಬಾಸ್ ಸ್ಪರ್ಧಿಗಳನ್ನು ರೆಸಾರ್ಟಿಗೆ ಸಾಗಿಸಬೇಕಾಯಿತಲ್ಲ, ಅದೇ ಜಾಗ. ಬೀಗ ಬೇಗ ತೆರೆಯಿತು. ಸುದ್ದಿಯೆಲ್ಲ ಬಿಗ್ ಬಾಸ್ ಮೇಲೆ ಓಡಿತು, ಕೊಳಚೆ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದವರು ಕಮ್ಮಿ.

ಜಾಗದ ವಿಚಾರದಲ್ಲಿ ಡಿಸ್ನಿಯವರದೇ ಒಂದು ಪಾಠ ಇದೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಕಿತ್ತಳೆ ತೋಟ ಕಡಿದು 160 ಎಕರೆಯಲ್ಲಿ ಡಿಸ್ನಿಲ್ಯಾಂಡ್ ಕಟ್ಟಿದರು. ಜನ ಬಂದರು. ಆದರೆ ಸುತ್ತ ಯಾರ್ಯಾರೋ ಲಾಡ್ಜು, ಹೋಟೆಲು ತೆಗೆದು ಲಾಭ ಬಾಚಿದರು. ಎರಡನೇ ಸಲ ಫ್ಲೋರಿಡಾಕ್ಕೆ ಹೋದಾಗ ಅವರು ಕೊಂಡಿದ್ದು 27,000 ಎಕರೆಗೂ ಜಾಸ್ತಿ. ನಮ್ಮಲ್ಲಿ 'ಡಿಸ್ನಿಲ್ಯಾಂಡ್ ಮಾದರಿ' ಅನ್ನುವವರು ಈ ಎರಡರಲ್ಲಿ ಯಾವ ಮಾದರಿ ಅಂತ ಹೇಳುವುದಿಲ್ಲ. ಕೆಆರ್‌ಎಸ್‌ನಲ್ಲಿ ಗುರುತಿಸಿರುವ ಜಾಗ 200 ಎಕರೆಯ ಒಳಗೆ. ಸುತ್ತಲಿನದು ನಾಲೆ ನೀರಿನ ಗದ್ದೆ. ಮಂಡ್ಯದ ರೈತ ಭಯಪಡುವುದು ಈ 200 ಎಕರೆಗಲ್ಲ, ಅದರ ಸುತ್ತ ಏಳುವ ರೆಸಾರ್ಟ್ ಮತ್ತು ಲೇಔಟಿಗೆ.

ಈಗ ಬೃಂದಾವನಕ್ಕೆ ಬರೋಣ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಮುಗಿಯಲು ಎರಡು ದಶಕ ಹಿಡಿಯಿತು. ತೋಟದ ಕೆಲಸ 1927ರಲ್ಲಿ ಶುರು, 1932ಕ್ಕೆ ಮುಗಿಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕನಸು. ಕಾಶ್ಮೀರದ ಶಾಲಿಮಾರ್ ತೋಟ ನೋಡಿ ಬಂದ ಕಲ್ಪನೆ ಅಂತಾರೆ. 60 ಎಕರೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ನಡುವೆ ಕಾರಂಜಿ. ಇದರಲ್ಲಿ ಒಂದು ಜಾಣತನ ಇದೆ, ನಮಗೆ ಕಾಣುವುದೇ ಇಲ್ಲ. ಅಣೆಕಟ್ಟೆ ಹೇಗೂ ಏಳುತ್ತಿತ್ತು. ನೀರು ಎತ್ತರದಲ್ಲಿತ್ತು, ತೋಟ ತಗ್ಗಿನಲ್ಲಿ. ಕಾರಂಜಿ ಚಿಮ್ಮಲು ಬೇಕಾದ ಒತ್ತಡ ಕಟ್ಟೆಯೇ ಕೊಡುತ್ತಿತ್ತು. ಇದ್ದ ಕಟ್ಟೆಗೆ ಒಂದು ಸಂಜೆ ಹೊಲಿದರು, ಅಷ್ಟೇ.

ಹೌದು, ಸಂಜೆ. ಬೃಂದಾವನ ಸಂಜೆಯ ಜಾಗ. ಮಧ್ಯಾಹ್ನ ಮೂರಕ್ಕೆ ಹೋದರೆ ಬಿಸಿಲಿಗೆ ಕಾದ ಮೆಟ್ಟಿಲು, ನೆರಳು ಹುಡುಕುವ ಜೋಡಿಗಳು, ಪೈಪು ಹಿಡಿದ ಮಾಲಿ. ದೀಪ ಹತ್ತುವ ಹೊತ್ತಿಗೆ ಬಸ್ಸುಗಳು ಒಟ್ಟಿಗೆ ಬಂದು ನಿಲ್ಲುತ್ತವೆ. ಜನ ಓಡೋಡಿ ಸಂಗೀತ ಕಾರಂಜಿಯ ಕಡೆ ಹೋಗುತ್ತಾರೆ, ವಾಪಸ್ ಬರುವಾಗ ಮೀನು ಫ್ರೈ ತಿನ್ನುತ್ತಾರೆ, ಎರಡು ಗಂಟೆಯಲ್ಲಿ ಖಾಲಿ. ಅಮ್ಯೂಸ್‌ಮೆಂಟ್ ಪಾರ್ಕ್ ಇದಕ್ಕೆ ಪೂರ್ತಿ ಉಲ್ಟಾ. ಬೆಳಿಗ್ಗೆ ಹನ್ನೊಂದಕ್ಕೆ ಬಂದವನು ಸಂಜೆ ಆರರ ತನಕ ಇದ್ದರೆ ಮಾತ್ರ ಅದರ ದುಡ್ಡು ಹುಟ್ಟುವುದು. ಮೈಸೂರಿಗೆ ಬಂದವನಿಗೆ ಹಗಲಲ್ಲಿ ಅರಮನೆ ಇದೆ, ಜೂ ಇದೆ, ಬೆಟ್ಟ ಇದೆ. ಅವನ್ನೆಲ್ಲ ಬಿಟ್ಟು ಇಡೀ ದಿನ ಕೆಆರ್‌ಎಸ್‌ಗೆ ಕೊಡುತ್ತಾನಾ? ಹಾಗೆ ಕೊಡುವ ಸ್ಥಳೀಯರಿಗೆ ಅದೇ ಕೆಆರ್‌ಎಸ್ ರಸ್ತೆಯಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಎರಡು ದಶಕಕ್ಕೂ ಹಿಂದಿನಿಂದ ಇದೆ. ಬೆಂಗಳೂರಿನವನು ಬರಬೇಕಾದರೆ ಬಿಡದಿಯ ಗೇಟ್ ದಾಟಿಕೊಂಡೇ ಬರಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯಿಂದ ಕಾರಿನವರಿಗೆ ಹತ್ತಿರ ಆಯಿತು, ನಿಜ. ಆದರೆ ಕಾಲೇಜು ಹುಡುಗರ ಬೈಕಿಗೆ ಅದೇ ವರ್ಷ ಆಗಸ್ಟ್‌ನಿಂದ ಅದರ ಮೇಲೆ ಪ್ರವೇಶ ಇಲ್ಲ, ಸರ್ವಿಸ್ ರೋಡೇ ಗತಿ.

ಮೈಸೂರಿಗೆ ಜನ ಬರುವುದಿಲ್ಲ ಅಂತಲ್ಲ. ಅರಮನೆಗೂ ಜೂಗೂ ವರ್ಷಕ್ಕೆ 30 ಲಕ್ಷಕ್ಕೂ ಮೇಲೆ ಬರುತ್ತಾರೆ. ಯೋಜನೆ ಮಾಡುವವರ ಕಣ್ಣು ಕುಕ್ಕುವುದು ಈ ಸಂಖ್ಯೆಯೇ. ಆದರೆ ನೂರಿನ್ನೂರು ಕೊಟ್ಟು ಜಿರಾಫೆ ನೋಡುವ 30 ಲಕ್ಷ ಜನ ಬೇರೆ, ಸಾವಿರದೈನೂರು ಕೊಟ್ಟು ರೋಲರ್ ಕೋಸ್ಟರ್ ಹತ್ತುವವರು ಬೇರೆ. ಬೆಂಗಳೂರಿನಂಥ ಊರಿನ ಬಗಲಲ್ಲಿ ಕೂತ ಬಿಡದಿಯ ಪಾರ್ಕಿಗೆ ಒಳ್ಳೆಯ ವರ್ಷದಲ್ಲಿ ಬರುವವರು 10 ಲಕ್ಷದ ಆಸುಪಾಸು. ಕೊರೋನಾ ಕಳೆದು ಜನ ಮುಗಿಬಿದ್ದ 2022-23ರಲ್ಲಿ ಕೊಚ್ಚಿ, ಬಿಡದಿ, ಹೈದರಾಬಾದ್ ಮೂರೂ ಸೇರಿ ಸುಮಾರು 33 ಲಕ್ಷ.

ಈ ಸಂಖ್ಯೆ ಇಟ್ಟುಕೊಂಡು ಕೆಆರ್‌ಎಸ್‌ನ 2,660 ಕೋಟಿ ನೋಡಿ. ಭುವನೇಶ್ವರದಲ್ಲಿ ಒಡಿಶಾ ಸರ್ಕಾರ ಗುತ್ತಿಗೆಗೆ ಕೊಟ್ಟ 50 ಎಕರೆಯಲ್ಲಿ ವಂಡರ್‌ಲಾ ಹಾಕಿದ್ದು 190 ಕೋಟಿ ಸುಮಾರು. ಚೆನ್ನೈನಲ್ಲಿ 60 ಚಿಲ್ಲರೆ ಎಕರೆಗೆ 600 ಕೋಟಿ ದಾಟಿತು, ಅದೇ ದೊಡ್ಡದು. ಕೆಆರ್‌ಎಸ್‌ನದು ಚೆನ್ನೈನ ನಾಲ್ಕು ಪಟ್ಟು. ಅದರಲ್ಲಿ ಪಾರ್ಕ್ ಒಂದೇ ಅಲ್ಲ, ಬೇರೆ ಕಟ್ಟಡಗಳೂ ಸೇರಿವೆ, ಅದನ್ನು ಒಪ್ಪಿಕೊಳ್ಳೋಣ. ಆದರೂ ಖಾಸಗಿಯವನು ಈ ದುಡ್ಡನ್ನು ಶೇಕಡಾ 9-10ರ ಬಡ್ಡಿಗೆ ತಂದ ಅಂತಿಟ್ಟುಕೊಳ್ಳಿ. ವರ್ಷಕ್ಕೆ ಬಡ್ಡಿಯೇ 250 ಕೋಟಿ ಆಗುತ್ತದೆ. ಬಿಡದಿಯಷ್ಟೇ ಜನ ಬಂದರೆ ತಲೆಗೆ 2,500 ರೂಪಾಯಿ ಬರೀ ಬಡ್ಡಿಗೆ. ಕರೆಂಟು, ಸಂಬಳ, ರಿಪೇರಿ, ಹೊಸ ರೈಡು, ಅಸಲು ಯಾವುದೂ ಇದರಲ್ಲಿ ಇಲ್ಲ. 25 ಲಕ್ಷ ಜನ ಬಂದರೂ ತಲೆಗೆ ಸಾವಿರ ಬಡ್ಡಿಗೇ ಹೋಗುತ್ತದೆ. ಪೂರ್ತಿ ಸಾಲವೇ ಆಗಬೇಕಿಲ್ಲ, ಸ್ವಂತ ದುಡ್ಡೂ ಹಾಕಬಹುದು. ಆದರೆ ಸ್ವಂತ ದುಡ್ಡು ಹಾಕುವವನು ಬ್ಯಾಂಕಿಗಿಂತ ಜಾಸ್ತಿಯೇ ಲಾಭ ಕೇಳುತ್ತಾನೆ. ಈ ಲೆಕ್ಕ ಕೂಡುವುದು ಎರಡು ರೀತಿಯಲ್ಲಿ. ಯೋಜನೆ ಚಿಕ್ಕದಾಗಬೇಕು, ಇಲ್ಲವೇ ಪಾರ್ಕಿನ ಹೆಸರಿನಲ್ಲಿ ಹೋಟೆಲು, ಮಾಲು, ಜಮೀನು ದುಡಿಯಬೇಕು. ರೈತರ ಅನುಮಾನ ಎರಡನೆಯದರ ಮೇಲೆ. ಅನುಮಾನ ಪಡುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ನೀರಿನ ಮಾತು ಬೇರೆಯೇ ಇದೆ. ಬಿಡದಿಯಲ್ಲಿ ಪಾರ್ಕ್ ನೀರು ಬಳಸಿದರೆ ಅದು ಒಂದು ಕಂಪನಿಯ ಸಂಗತಿ. ಕೆಆರ್‌ಎಸ್ ಬುಡದಲ್ಲಿ ಪ್ರತಿ ಬಕೆಟ್ಟೂ ರಾಜಕೀಯ. 2025ರಲ್ಲಿ ಜೂನ್ ಮುಗಿಯುವ ಮೊದಲೇ 124.80 ಅಡಿ ತುಂಬಿ ಮುಖ್ಯಮಂತ್ರಿ ಬಾಗಿನ ಬಿಟ್ಟರು, ಎಲ್ಲರಿಗೂ ಖುಷಿ. 2023 ನೆನಪು ಮಾಡಿಕೊಳ್ಳಿ. ಕಟ್ಟೆ ತುಂಬಲಿಲ್ಲ, ತಮಿಳುನಾಡಿಗೆ ನೀರು ಬಿಟ್ಟಿದ್ದಕ್ಕೆ ಸೆಪ್ಟೆಂಬರ್‌ನಲ್ಲಿ ಒಂದೇ ವಾರದಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ಆದವು. ಮುಂದಿನ ಮಾರ್ಚ್‌ಗೆ ಬೆಂಗಳೂರಿನಲ್ಲಿ ಹೋಳಿಯ ರೇನ್ ಡ್ಯಾನ್ಸಿಗೂ ಜಲಮಂಡಳಿ ಬೇಡ ಅಂದಿತು. ಫಿಲ್ಟರ್ ಆಗಿ ಅದೇ ನೀರು ಮತ್ತೆ ಮತ್ತೆ ಬರುತ್ತದೆ, ಖರ್ಚು ಕಡಿಮೆ ಅಂತ ಇಂಜಿನಿಯರ್ ಸತ್ಯವನ್ನೇ ಹೇಳಬಹುದು. ಸರದಿಯ ಮೇಲೆ ಬಿಡುವ ಕಟ್ಟು ನೀರಿಗಾಗಿ ನಾಲೆ ಮೇಲೆ ಕಾದು ಕೂತ ರೈತನ ಕಣ್ಣೆದುರಿಗೆ ವೇವ್ ಪೂಲ್ ಓಡಿಸಲು ಯಾವ ಸರ್ಕಾರಕ್ಕೂ ಧೈರ್ಯ ಸಾಲದು. ಅಂಥ ವರ್ಷ ಪಾರ್ಕ್ ಮುಚ್ಚಬೇಕಾದರೆ ನಷ್ಟ ಕಟ್ಟಿಕೊಡುವವರು ಯಾರು? ಒಪ್ಪಂದದಲ್ಲಿ ಮೊದಲು ಹುಡುಕಬೇಕಾದ ಸಾಲು ಇದು.

ಅಣೆಕಟ್ಟೆಯ ಸುರಕ್ಷತೆಯ ವಾದದಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದೆ, ಸ್ವಲ್ಪ ನಿಜವೂ ಇದೆ. ಕಟ್ಟೆಗೆ ಹತ್ತಿರದ ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯ ಗಲಾಟೆ ಆದ ಮೇಲೆ 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ ಸುತ್ತ 20 ಕಿಲೋಮೀಟರ್ ಗಣಿಗಾರಿಕೆ ನಿಲ್ಲಿಸಿತು. ರೋಲರ್ ಕೋಸ್ಟರ್ ಕಲ್ಲು ಸಿಡಿಸಿದ ಹಾಗೆ ನೆಲ ನಡುಗಿಸುವುದಿಲ್ಲ. ಆದರೆ ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ ಸುಮಾರು ನೂರು ವರ್ಷದ ಕಟ್ಟೆಯ ಕೆಳಗೆ ಆಳದ ಪಾಯ ತೋಡುವುದು, ಗೇಟು ಎತ್ತಿ ಲಕ್ಷ ಕ್ಯೂಸೆಕ್ ಬಿಡುವ ದಿನ ಅಲ್ಲೇ ಸಾವಿರಾರು ಮಕ್ಕಳನ್ನು ಇಟ್ಟುಕೊಳ್ಳುವುದು, ಇವು ಸಣ್ಣ ಮಾತಲ್ಲ. 2022ರ ಕೊನೆಗೆ ಒಂದು ಚಿರತೆ ಬಂದು ಹೋಗಿದ್ದಕ್ಕೇ ಬೃಂದಾವನ ವಾರಗಟ್ಟಲೆ ಬಾಗಿಲು ಹಾಕಿತ್ತು.

ಇದಕ್ಕಿಂತ ನನಗೆ ಜಾಸ್ತಿ ಚಿಂತೆ ರೈಡಿನದೇ. ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೆ ರಾಜ್ಯದಲ್ಲಿ 2012ರ ಕಾಯ್ದೆ ಇದೆ, ಪರಿಶೀಲನೆ ಇದೆ. ಮನುಷ್ಯನನ್ನು ತಲೆಕೆಳಗು ಮಾಡಿ ತಿರುಗಿಸುವ ಯಂತ್ರಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಒಂದು ಕಾನೂನು ಇಲ್ಲ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡಗಳಿವೆ, ಪಾಲಿಸುವುದು ಬಿಡುವುದು ಬಹುಪಾಲು ನಡೆಸುವವರ ಶ್ರದ್ಧೆ. 2019ರ ಜುಲೈನಲ್ಲಿ ಅಹಮದಾಬಾದ್‌ನ ಕಂಕಾರಿಯಾದಲ್ಲಿ ಉಯ್ಯಾಲೆ ರೈಡಿನ ಕೊಳವೆ ಮುರಿದು ಇಬ್ಬರು ಸತ್ತರು. 2024ರ ಮೇನಲ್ಲಿ ರಾಜ್‌ಕೋಟ್‌ನ ಗೇಮ್ ಜೋನ್ ಬೆಂಕಿಯಲ್ಲಿ 27 ಜನ ಹೋದರು. ಅದಾದ ಮೇಲೆ ಗುಜರಾತ್ ಬೇರೆಯೇ ನಿಯಮ ತಂದಿತು. ಕೊಚ್ಚಿಯ ವೀಗಾಲ್ಯಾಂಡ್‌ನಲ್ಲೂ 2002ರಲ್ಲಿ ಯುವಕನೊಬ್ಬ ಬಿದ್ದು ದೇಹದ ಸ್ವಾಧೀನ ಕಳೆದುಕೊಂಡ. ಪರಿಹಾರದ ಕೇಸು 2018ರಲ್ಲೂ ಕೇರಳ ಹೈಕೋರ್ಟ್‌ನಲ್ಲಿತ್ತು. ಪಳಗಿದ ಕಂಪನಿಗೂ ತಪ್ಪದ್ದು ಸರ್ಕಾರಿ ಪಾಲುದಾರಿಕೆಗೆ ತಪ್ಪುತ್ತದೆಯೇ? ಅದರಲ್ಲಿ ಪಾರ್ಕಿನ ಮಾಲೀಕನೂ ಪರೀಕ್ಷಕನೂ ಒಂದೇ ಸರ್ಕಾರ.

ಹಾಗಾದರೆ ಬೃಂದಾವನ ಇದ್ದ ಹಾಗೇ ಇರಲಿ ಅನ್ನುತ್ತೀರಾ ಅಂತ ಅಕ್ಕ ಕೇಳಿದಳು. ಇಲ್ಲ. ಒಡೆದ ಮೆಟ್ಟಿಲು, ವಾಸನೆ ಹೊಡೆಯುವ ಶೌಚಾಲಯ, ಒಂದೇ ಗೇಟಿನಲ್ಲಿ ನೂಕಾಡುವ ಜನ, ಇವು ಸರಿ ಆಗಲೇಬೇಕು. ಇದಕ್ಕೆ ಸಾವಿರ ಕೋಟಿ ಬೇಕಿಲ್ಲ. ಮಿರ್ಜಾ ಬಿಟ್ಟುಹೋದ ಸಂಜೆಯನ್ನೇ ಇನ್ನೂ ಎರಡು ಗಂಟೆ ಉದ್ದ ಮಾಡಿದರೆ, ಕಟ್ಟೆ ಹೇಗೆ ಕಟ್ಟಿದರು, ನಾಲೆ ಎಲ್ಲಿಗೆ ಹೋಗುತ್ತದೆ ಅಂತ ಮಕ್ಕಳು ಕೈಯಲ್ಲಿ ಮುಟ್ಟಿ ನೋಡುವ ಹಾಗೆ ಒಂದು ಜಾಗ ಮಾಡಿದರೆ, ಹಳೇ ಟ್ರಿಪ್ಪಿನ ಕೊನೆಯ ಸ್ಟಾಪಿಗೆ ಮತ್ತೆ ಬೆಲೆ ಬಂದೀತು.

ಶಾಲೆಯ ಬಸ್ಸು ಕೊನೆಗೆ ಹೋಗಿದ್ದು ವಂಡರ್‌ಲಾಕ್ಕೇ. ರಾತ್ರಿ ಒಂಬತ್ತೂವರೆಗೆ ಮಂಡ್ಯಕ್ಕೆ ವಾಪಸ್ಸು ಬಂದಾಗ ಕೂದಲು ಇನ್ನೂ ಒದ್ದೆ. ಏನು ಚೆನ್ನಾಗಿತ್ತು ಪುಟ್ಟಿ ಅಂದೆ. ರಿಕಾಯಿಲ್ ಅಂತಾಳೆ ಅಂದುಕೊಂಡಿದ್ದೆ. "ಲೇಜಿ ರಿವರ್ ಮಾಮ. ಟ್ಯೂಬಿನ ಮೇಲೆ ಮಲಗಿದ್ರೆ ಸಾಕು, ನೀರೇ ಕರ್ಕೊಂಡು ಹೋಗುತ್ತೆ. ನಮ್ಮೂರ ನಾಲೆ ಥರ" ಅಂದಳು.